ಬಟ್ಟೆಯ ಭಾರ ಎಲ್ಲಿ ಕೂರುತ್ತದೆ?

ನಮ್ಮ ಚಿಕ್ಕಮ್ಮ ಹಳೆಯ ರವಿಕೆಗಳನ್ನು ಎಸೆಯುತ್ತಿರಲಿಲ್ಲ. ಮೈಗೆ ಚೆನ್ನಾಗಿ ಕೂತಿದ್ದ ರವಿಕೆ ಸವೆದು ಹೋದರೆ ಹೊಲಿಗೆ ಬಿಚ್ಚಿ, ತುಂಡುಗಳನ್ನು ಇಸ್ತ್ರಿ ಮಾಡಿ, ಹೊಸ ಬಟ್ಟೆಯ ಮೇಲಿಟ್ಟು ಸುತ್ತ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಬ್ಲೇಡು ಹಿಡಿದು ಬಿಚ್ಚುವ ಕೆಲಸ ನನ್ನದು. ತೊಟ್ಟಾಗ ಕೊಳವೆಯಂತಿರುವ ತೋಳು ನೆಲದ ಮೇಲೆ ಹಾಸಿದರೆ ನಡುವೆ ದಿಬ್ಬವಿರುವ ಚಪ್ಪಟೆ ತುಂಡು. ಟಕ್ಸ್ ಬಿಚ್ಚಿದರೆ ಎದೆಯ ಉಬ್ಬು ಮಾಯ. "ಯಾವ ಹೊಲಿಗೆ ಮೊದಲು ಬಿಟ್ಟಿದೆ ನೋಡಿ ಹೇಳು" ಎನ್ನುತ್ತಿದ್ದರು. ಹೊಸ ರವಿಕೆಯಲ್ಲಿ ಆ ಜಾಗಕ್ಕೆ ಎರಡು ಸಾಲು ಹೊಲಿಗೆ ಬೀಳುತ್ತಿತ್ತು.

ಬಹಳ ವರ್ಷಗಳ ನಂತರ, ಪ್ಯಾರಿಸ್ಸಿನ ಹಳೆಯ ಉಡುಪುಗಳ ಚಿತ್ರಗಳಿದ್ದ ಪುಸ್ತಕವೊಂದು ಕೈಗೆ ಬಂತು. ಎಂಥ ಬಣ್ಣ, ಎಂಥ ಕಸೂತಿ ಎಂದು ಬೆರಗಾಗುವ ಮೊದಲು ನನಗೆ ಹೊಳೆದದ್ದು ಇದು ಹೇಗೆ ನಿಂತಿದೆ ಎಂಬ ಪ್ರಶ್ನೆ. ಅದು ಮನೆ ಕಟ್ಟುವ ಮೇಸ್ತ್ರಿ ಕೇಳುವ ಪ್ರಶ್ನೆ. ಅಂದಿನಿಂದ ಅಭಿಜಾತ ಫ್ಯಾಷನ್ ನನಗೆ ಕಟ್ಟೋಣದ ಇನ್ನೊಂದು ಶಾಖೆಯಂತೆ ಕಾಣುತ್ತಿದೆ. ಸುಮಾರು ನೂರೈವತ್ತು ವರ್ಷಗಳ ಆ ಚರಿತ್ರೆಯನ್ನು ಭಾರ ಎಲ್ಲಿ ಕೂರುತ್ತದೆ ಎಂಬ ಒಂದೇ ಪ್ರಶ್ನೆ ಹಿಡಿದು ನೋಡುವ ಪ್ರಯತ್ನ ಇದು.

ಸೊಂಟಕ್ಕೆ ಕಟ್ಟಿದ ಸಾರುವೆ

ಉಡುಪು ಮತ್ತು ಕಟ್ಟಡಗಳ ನಂಟನ್ನು ಗಟ್ಟಿಯಾಗಿ ಮಂಡಿಸಿದವನು ದರ್ಜಿಯಲ್ಲ, ವಾಸ್ತುಶಿಲ್ಪಿ. ಜರ್ಮನಿಯ ಗಾಟ್‌ಫ್ರೀಡ್ ಸೆಂಪರ್ 1850ರ ದಶಕದ ಆರಂಭದಲ್ಲಿ ದೇಶಭ್ರಷ್ಟನಾಗಿ ಲಂಡನ್ನಿನಲ್ಲಿದ್ದ. ಮನುಷ್ಯ ಮೊದಲು ಎಬ್ಬಿಸಿದ ಗೋಡೆ ಕಲ್ಲಿನದಲ್ಲ, ಹೆಣೆದ ಚಾಪೆ ಮತ್ತು ತೂಗುಬಿಟ್ಟ ಬಟ್ಟೆಯದು ಎಂಬುದು ಅವನ ವಾದ. ಜರ್ಮನ್ ಭಾಷೆಯಲ್ಲಿ ಗೋಡೆಗೆ 'ವಾಂಡ್', ಉಡುಪಿಗೆ 'ಗೆವಾಂಡ್' ಎನ್ನುವುದನ್ನು ಅವನು ಸಾಕ್ಷಿಯಾಗಿ ಮುಂದಿಟ್ಟ. ತಡಿಕೆ ಹೆಣೆದು ಮಣ್ಣು ಮೆತ್ತಿದ ಗೋಡೆ ನೋಡಿದವರಿಗೆ ಈ ಮಾತು ವಿಚಿತ್ರ ಎನಿಸದು.

1851ರಲ್ಲಿ ಅದೇ ಲಂಡನ್ನಿನಲ್ಲಿ ಕಬ್ಬಿಣ ಮತ್ತು ಗಾಜಿನ ಕ್ರಿಸ್ಟಲ್ ಪ್ಯಾಲೆಸ್ ಎದ್ದಿತು. ಐದು ವರ್ಷದಲ್ಲಿ, 1856ಕ್ಕೆ, ಉಕ್ಕಿನ ಬಳೆಗಳ ಕ್ರಿನೊಲಿನ್‌ಗೆ ಪೇಟೆಂಟ್ ಸಿಕ್ಕಿತು. ಅಲ್ಲಿಯವರೆಗೆ ಲಂಗ ಅರಳಿ ನಿಲ್ಲಬೇಕಾದರೆ ಒಂದರ ಮೇಲೊಂದು ಒಳಲಂಗಗಳನ್ನು ತೊಡಬೇಕಿತ್ತು. ಈಗ ಸೊಂಟಪಟ್ಟಿಗೆ ತೂಗುಹಾಕಿದ ತೆಳು ಉಕ್ಕಿನ ಪಂಜರವೇ ಸಾಕಾಯಿತು. ದಪ್ಪ ಗೋಡೆಯ ಕೆಲಸವನ್ನು ಕಬ್ಬಿಣದ ಚೌಕಟ್ಟು ವಹಿಸಿಕೊಂಡ ಬದಲಾವಣೆ ಕಟ್ಟಡಕ್ಕೂ ಲಂಗಕ್ಕೂ ಹೆಚ್ಚುಕಡಿಮೆ ಒಟ್ಟಿಗೇ ಬಂತು.

1858ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದ ಇಂಗ್ಲಿಷ್ ಯುವಕ ಚಾರ್ಲ್ಸ್ ಫ್ರೆಡರಿಕ್ ವರ್ತ್ ಈ ಪಂಜರದ ಮೇಲೆ ರೇಷ್ಮೆಯನ್ನು ಹೊದಿಸಿ ಹೆಸರು ಮಾಡಿದ. ಅವನ ಗಿರಾಕಿಗಳಲ್ಲಿ ಫ್ರಾನ್ಸಿನ ಮಹಾರಾಣಿ ಯೂಜೆನಿಯೂ ಇದ್ದಳು. ಗಿರಾಕಿ ಹೇಳಿದ್ದನ್ನು ಹೊಲಿದುಕೊಡುವ ದರ್ಜಿ ಹೋಗಿ, ತಾನೇ ವಿನ್ಯಾಸ ಮಾಡಿ ತೋರಿಸುವ 'ಕುತೂರಿಯೇ' ಬಂದದ್ದು ಅವನಿಂದ. ಆದರೆ ಅವನ ಕಾಲದಲ್ಲಿ ಭಾರವೆಲ್ಲ ಕೂತದ್ದು ಕಾರ್ಸೆಟ್ಟಿನಿಂದ ಬಿಗಿದ ಸೊಂಟದ ಮೇಲೆ. ಹೊರಗಿನವರಿಗೆ ಅರಮನೆ ಕಾಣುತ್ತಿತ್ತು; ಒಳಗಿದ್ದವಳಿಗೆ ಸಾರುವೆ.

ಹೆಗಲಿಗೆ ಏರಿದ ಭಾರ

1903ರಲ್ಲಿ ಸ್ವಂತ ಮಳಿಗೆ ತೆರೆದ ಪಾಲ್ ಪೊಯಿರೆ, 1906ರ ಹೊತ್ತಿಗೆ ಕಾರ್ಸೆಟ್ ಬಿಟ್ಟು ನೇರ ಗೆರೆಯ ಉಡುಪು ಮಾಡಿದ. ಭಾರ ಸೊಂಟದಿಂದ ಹೆಗಲಿಗೆ ಏರಿತು. ಉಡುಪು ಈಗ ತೊಲೆಯಿಂದ ಇಳಿಬಿಟ್ಟ ಪರದೆ.

ವೆನಿಸ್‌ನಲ್ಲಿದ್ದ ಮರಿಯಾನೊ ಫಾರ್ಚುನಿ ಸುಮಾರು 1907ರಲ್ಲಿ ಮಾಡಿದ 'ಡೆಲ್ಫೋಸ್' ಇನ್ನೂ ಸರಳ: ಸಣ್ಣ ಸಣ್ಣ ನೆರಿಗೆ ಹಿಡಿದ ರೇಷ್ಮೆಯ ಕೊಳವೆ, ಅಷ್ಟೆ. ತೊಡದಿದ್ದಾಗ ಅದನ್ನು ನೂಲಿನ ಲಡಿಯಂತೆ ತಿರುಚಿ ಡಬ್ಬಿಯಲ್ಲಿಡುತ್ತಿದ್ದರು. ನನಗೆ ಇಷ್ಟವಾದದ್ದು ಅಂಚಿಗೆ ಪೋಣಿಸಿದ ಮುರಾನೊ ಗಾಜಿನ ಮಣಿಗಳು. ನೋಡಲು ಅಲಂಕಾರ, ಕೆಲಸ ಮಾತ್ರ ಮೇಸ್ತ್ರಿಯ ತೂಗುಗುಂಡಿನದು. ಹಗುರವಾದ ರೇಷ್ಮೆ ಗಾಳಿಗೆ ಹಾರದೆ ನೆಟ್ಟಗೆ ಇಳಿಯಲು ಅವು ಬೇಕಿತ್ತು. ಮುಂದೆ ಪ್ಯಾರಿಸ್ಸಿನ ವಿನ್ಯಾಸಕಿ ಶನೆಲ್ ತನ್ನ ಜಾಕೆಟ್ಟುಗಳ ಕೆಳಅಂಚಿನ ಒಳಗೆ ಹೊಲಿಸಿದ ಲೋಹದ ಸರಪಳಿಯದೂ ಇದೇ ಕೆಲಸ.

ಓರೆ ಎಂಬ ಶೋಧ

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಹತ್ತಿಯ ಕರವಸ್ತ್ರ ತೆಗೆದುಕೊಳ್ಳಿ. ಅಂಚಿನಗುಂಟ ಎರಡು ಕೈಯಲ್ಲಿ ಹಿಡಿದು ಎಳೆಯಿರಿ, ಜಗ್ಗುವುದಿಲ್ಲ. ಈಗ ಎದುರುಬದುರಿನ ಎರಡು ಮೂಲೆ ಹಿಡಿದು ಎಳೆಯಿರಿ. ಉದ್ದ ಜಗ್ಗುತ್ತದೆ, ಅಗಲ ಕುಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಹಾಸು ಹೊಕ್ಕುಗಳ ಚೌಕ 45 ಡಿಗ್ರಿಯ ಎಳೆತಕ್ಕೆ ವಜ್ರದ ಆಕಾರಕ್ಕೆ ವಾಲುವುದರಿಂದ ಹೀಗಾಗುತ್ತದೆ. ನಮ್ಮ ಟೈಲರುಗಳು 'ಕ್ರಾಸ್' ಎನ್ನುವುದು ಇದನ್ನೇ. ಕ್ರಾಸ್ ಕಟ್ ರವಿಕೆ ಮೈಗೆ ಒಪ್ಪಿ ಕೂರುವ ಗುಟ್ಟೂ ಇದೇ.

ಓರೆಗೆ ಕತ್ತರಿಸುವುದು ದರ್ಜಿಗಳಿಗೆ ಮೊದಲೇ ಗೊತ್ತಿತ್ತು. ಪಟ್ಟಿಗೆ, ಕತ್ತಿನ ಅಂಚಿಗೆ ಅಲ್ಲಿಷ್ಟು ಇಲ್ಲಿಷ್ಟು ಬಳಸುತ್ತಿದ್ದರು. ಇಡೀ ಉಡುಪನ್ನು ಅದರ ಮೇಲೆ ನಿಲ್ಲಿಸಿದವಳು ಮೆಡಲೀನ್ ವಿಯೊನೆ (1876–1975). 1912ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಮಳಿಗೆ ತೆರೆದ ಈಕೆ ಕಾಗದದ ಮೇಲೆ ಚಿತ್ರ ಬರೆದು ಕೆಲಸ ಆರಂಭಿಸುತ್ತಿರಲಿಲ್ಲ. ಸುಮಾರು 80 ಸೆಂಟಿಮೀಟರ್ ಎತ್ತರದ ಮರದ ಗೊಂಬೆಯ ಮೇಲೆ ಬಟ್ಟೆ ಹೊದಿಸಿ, ಗುಂಡುಸೂಜಿ ಚುಚ್ಚಿ, ಬಟ್ಟೆ ಎತ್ತ ಇಳಿಯುತ್ತದೆ ನೋಡಿ, ಆಮೇಲೆ ಪೂರ್ಣ ಅಳತೆಗೆ ಹೋಗುತ್ತಿದ್ದಳು. ವಾಸ್ತುಶಿಲ್ಪಿ ಮಾದರಿ ಕಟ್ಟಿ ನೋಡುವ ಕ್ರಮವೇ ಅದು. ಓರೆ ಕತ್ತರಿಗೆ ಬಟ್ಟೆಯ ಸಾಮಾನ್ಯ ಅಗಲ ಸಾಲದೆ ಹೆಚ್ಚು ಅಗಲದ ಕ್ರೇಪನ್ನೇ ನೇಯಿಸಿಕೊಂಡಳು.

ಮೊದಲನೇ ಮಹಾಯುದ್ಧ ಮುಗಿಯುವ ಹೊತ್ತಿನ ಅವಳ ಒಂದು ಉಡುಪಿನಲ್ಲಿ ಇರುವುದು ನಾಲ್ಕು ಚೌಕ ತುಂಡುಗಳು ಮಾತ್ರ. ಮುಂದೆ ಎರಡು, ಹಿಂದೆ ಎರಡು. ಚೌಕವನ್ನು ಅಂಚಿನಿಂದ ತೂಗುಹಾಕುವ ಬದಲು ಮೂಲೆಯಿಂದ ಹೆಗಲಿಗೆ ತೂಗುಹಾಕಿದ್ದಾಳೆ. ಕತ್ತರಿಸಿದ್ದು ನೇರಕ್ಕೆ, ಇಳಿದದ್ದು ಓರೆಗೆ. ಒಂದು ಚಿಂದಿಯೂ ಹಾಳಾಗಿಲ್ಲ. ಮಡಿಸಿಟ್ಟರೆ ಆಕಾರವೇ ಇಲ್ಲದ ಬಟ್ಟೆ. ತೊಟ್ಟರೆ ಮೈಯ ತೂಕ, ನಡಿಗೆ, ಉಸಿರು ಎಲ್ಲ ಸೇರಿ ಅದನ್ನು ಕಟ್ಟುತ್ತವೆ. ಭಾರವನ್ನು ಹೊರುವುದು ಬಟ್ಟೆಯೇ.

1912 ಎಂದಾಗ ನನಗೆ ಇನ್ನೊಂದು ನೆನಪಾಗುತ್ತದೆ. ಮಹಾರಾಜರು ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭಿಸಿದ್ದೂ ಅದೇ ವರ್ಷ, ಸ್ವಿಟ್ಜರ್‌ಲೆಂಡಿನಿಂದ ತರಿಸಿದ ಮಗ್ಗಗಳಿಂದ. ಬಲವಾಗಿ ಹುರಿಗೊಳಿಸಿದ ನೂಲಿನ ಮೈಸೂರು ಕ್ರೇಪ್ ಮೈಮೇಲೆ ನೀರಿನಂತೆ ಇಳಿಯುತ್ತದೆ ಎಂದು ಉಟ್ಟವರೆಲ್ಲ ಹೇಳುತ್ತಾರೆ. ಎರಡಕ್ಕೂ ಸಂಬಂಧವಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ವಿಯೊನೆ ಕ್ರೇಪನ್ನೇ ಯಾಕೆ ಆರಿಸಿಕೊಂಡಳು ಎಂಬುದನ್ನು ಮೈಸೂರು ಸಿಲ್ಕ್ ಉಟ್ಟವರಿಗೆ ವಿವರಿಸಬೇಕಿಲ್ಲ.

ಶಿಲ್ಪಿಯಾಗಬೇಕೆಂದಿದ್ದ ಮದಾಂ ಗ್ರೆ (1903–1993) ಇನ್ನೊಂದು ದಾರಿ ಹಿಡಿದಳು. ರೇಷ್ಮೆ ಜೆರ್ಸಿಯನ್ನು ಕೈಯಿಂದಲೇ ನೆರಿಗೆ ಹಿಡಿದು, ಸುಮಾರು 280 ಸೆಂಟಿಮೀಟರ್ ಅಗಲವನ್ನು 7 ಸೆಂಟಿಮೀಟರಿಗೆ ಇಳಿಸುತ್ತಿದ್ದಳು ಎಂಬುದು ಪ್ರಸಿದ್ಧ. ಗ್ರೀಕ್ ಕಂಬದ ಮೈಮೇಲಿನ ಉದ್ದ ಗೀರುಗಳು ನೆನಪಾಗುತ್ತವೆ. ಕಾಗದವನ್ನು ಹಾಗೆ ಮಡಿಸಿ ನಿಲ್ಲಿಸಿದವರಿಗೆ ಗೊತ್ತು, ಮಡಿಕೆಯೇ ಬಲ.

ಒಳಗಿನ ಕಟ್ಟೋಣ

1947ರ ಫೆಬ್ರುವರಿ 12. ಯುದ್ಧದ ಬಡತನ, ಬಟ್ಟೆಯ ಪಡಿತರ ಇನ್ನೂ ಮುಗಿಯದ ಪ್ಯಾರಿಸ್ಸಿನಲ್ಲಿ ಕ್ರಿಸ್ಚಿಯನ್ ಡಿಯೊರ್ ತನ್ನ ಮೊದಲ ಪ್ರದರ್ಶನ ನಡೆಸಿದ. 'ಬಾರ್' ಜಾಕೆಟ್ಟು ಬಿಗಿದ ಸೊಂಟ, ಸೊಂಟದ ಕೆಳಗೆ ಒಳತುಂಬಿ ಎಬ್ಬಿಸಿದ ಉಬ್ಬು, ಅದರ ಕೆಳಗೆ ಮೀಟರುಗಟ್ಟಲೆ ಬಟ್ಟೆಯ ಲಂಗ. ಪತ್ರಿಕೆಗಳು ಇದನ್ನು 'ನ್ಯೂ ಲುಕ್' ಎಂದವು. ರಚನೆಯ ದೃಷ್ಟಿಯಿಂದ ಇದರಲ್ಲಿ ಹೊಸದೇನೂ ಇರಲಿಲ್ಲ. ವರ್ತ್‌ನ ಸಾರುವೆ ಒಳಗೆ ಮರಳಿ ಬಂದಿತ್ತು. ಎಲುಬಿನ ಪಟ್ಟಿ, ಟ್ಯೂಲ್ ಎಂಬ ಜಾಲರಿ ಬಟ್ಟೆ, ಕ್ಯಾನ್ವಾಸ್, ಅಸ್ತರು ಸೇರಿ ಮೈ ಇಲ್ಲದಿದ್ದರೂ ಉಡುಪು ಆಕಾರ ಉಳಿಸಿಕೊಳ್ಳುವಂತೆ ಮಾಡಿದವು. ವಾಸ್ತುಶಿಲ್ಪಿಯಾಗುವ ಆಸೆ ತನಗಿತ್ತೆಂದು ಡಿಯೊರ್ ಬರೆದುಕೊಂಡಿದ್ದಾನೆ. 1954–55ರಲ್ಲಿ ಅವನು ತನ್ನ ಸಂಗ್ರಹಗಳಿಗೆ ಎಚ್, ಎ, ವೈ ಎಂದು ಅಕ್ಷರಗಳನ್ನೇ ಹೆಸರಿಟ್ಟ. ದೂರದಿಂದ ಕಾಣುವ ಹೊರಗೆರೆಯೇ ಅವನಿಗೆ ಮುಖ್ಯ.

ಒಳಗಿನ ಕಟ್ಟೋಣವನ್ನು ತುದಿ ಮುಟ್ಟಿಸಿದವನು ನ್ಯೂಯಾರ್ಕಿನ ಚಾರ್ಲ್ಸ್ ಜೇಮ್ಸ್ (1906–1978). ಟೋಪಿಯ ಅಂಗಡಿಯಿಂದ ಆರಂಭಿಸಿದ ಈತ ಸಂಜೆಯುಡುಪನ್ನೂ ಟೋಪಿಯಂತೆ ಪದರ ಪದರವಾಗಿ ಕಟ್ಟಿದ. 1953ರ 'ಕ್ಲೋವರ್ ಲೀಫ್' ಗೌನು ಕೆಳಗಿನಿಂದ ನೋಡಿದರೆ ನಾಲ್ಕು ಎಸಳಿನ ಎಲೆ. ಹಲವು ಕಿಲೋ ತೂಗುತ್ತದೆ. ಆದರೆ ಭಾರವನ್ನು ಸೊಂಟದ ಎಲುಬಿನ ಮೇಲೆ ಎಷ್ಟು ಲೆಕ್ಕಾಚಾರದಿಂದ ಹಂಚಿದ್ದಾನೆಂದರೆ ತೊಟ್ಟವಳು ನರ್ತಿಸಬಹುದಿತ್ತು. ಯಾವ ಸಮಾರಂಭಕ್ಕೆಂದು ಹೊಲಿದನೋ ಅದಕ್ಕೆ ಅದು ಮುಗಿಯಲೇ ಇಲ್ಲ. ಜೇಮ್ಸ್ ಗಡುವಿಗೆ ಸಿಗುವ ಮನುಷ್ಯನಲ್ಲ. 2014ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವನ ಉಡುಪುಗಳ ಪ್ರದರ್ಶನ ಮಾಡಿದಾಗ ಅದನ್ನು ವಿನ್ಯಾಸ ಮಾಡಿದ್ದು ವಾಸ್ತುಶಿಲ್ಪಿಗಳ ಸಂಸ್ಥೆ. ಒಳಗಿನ ಪದರಗಳನ್ನು ಎಕ್ಸ್‌ರೇ ಮತ್ತು ಆನಿಮೇಷನ್ ಮೂಲಕ ಬಿಚ್ಚಿ ತೋರಿಸಿದರು, ಚಿಕ್ಕಮ್ಮ ರವಿಕೆ ಬಿಚ್ಚಿಸುತ್ತಿದ್ದಂತೆ.

ಗಾಳಿಗೂ ಒಂದು ಕೋಣೆ

ಸ್ಪೇನಿನ ಬಾಸ್ಕ್ ಕರಾವಳಿಯ ಗೆತಾರಿಯಾ ಎಂಬ ಮೀನುಗಾರರ ಊರಲ್ಲಿ 1895ರಲ್ಲಿ ಹುಟ್ಟಿದ ಕ್ರಿಸ್ತೋಬಾಲ್ ಬಲೆನ್ಸಿಯಾಗ ಹೊಲಿಗೆಯವಳ ಮಗ. 1937ರಲ್ಲಿ ಪ್ಯಾರಿಸ್ಸಿಗೆ ಬಂದವನು ಕತ್ತರಿಸುವುದರಿಂದ ಕೊನೆಯ ಹೊಲಿಗೆಯವರೆಗೆ ಎಲ್ಲವನ್ನೂ ತಾನೇ ಮಾಡಬಲ್ಲವನಾಗಿದ್ದ. ತೋಳು ಸರಿಯಾಗಿ ಕೂರದಿದ್ದರೆ ಕಿತ್ತು ಮತ್ತೆ ಕೂರಿಸುವ ಅವನ ಹಟ ಹೆಸರುವಾಸಿ.

ಡಿಯೊರ್ ಸೊಂಟ ಬಿಗಿಯುತ್ತಿದ್ದ ದಶಕದಲ್ಲೇ ಬಲೆನ್ಸಿಯಾಗ ಸೊಂಟವನ್ನು ಬಿಟ್ಟುಕೊಟ್ಟ. ಕಾಲರನ್ನು ಕತ್ತಿನಿಂದ ಹಿಂದಕ್ಕೆ ಸರಿಸಿದ, ತೋಳನ್ನು ಮಣಿಕಟ್ಟಿಗಿಂತ ಮೇಲೆ ನಿಲ್ಲಿಸಿದ, ಬೆನ್ನಿನ ಹಿಂದೆ ಬಟ್ಟೆಯನ್ನು ದೂರ ನಿಲ್ಲಿಸಿದ. 1957ರ ಅವನ 'ಚೀಲ'ದ ಉಡುಪನ್ನು ನೋಡಿ ಎಷ್ಟೋ ಮಂದಿ ನಕ್ಕರು. ಮರುವರ್ಷ ಸ್ವಿಸ್ ಬಟ್ಟೆ ಕಂಪನಿ ಅಬ್ರಹಾಂನ ಗುಸ್ತಾವ್ ಜುಮ್‌ಸ್ಟೆಗ್ ಜೊತೆಗೂಡಿ 'ಗಜಾರ್' ಎಂಬ ಬಿರುಸಾದ ರೇಷ್ಮೆ ನೇಯಿಸಿದ. ಒಳಗೆ ಪಂಜರವಿಲ್ಲದೆ ತಾನೇ ನಿಲ್ಲುವ ಬಟ್ಟೆ ಅದು. 1961ರಲ್ಲಿ ಒಂದೇ ಒಂದು ಜೋಡಣೆ ಹೊಲಿಗೆಯ ಕೋಟು ಮಾಡಿದ. 1967ರ ಗಜಾರ್ ಮದುವಣಗಿತ್ತಿಯ ಉಡುಪಿನಲ್ಲಿ ಕಸೂತಿಯಿಲ್ಲ, ಲೇಸಿಲ್ಲ. ತಲೆಯನ್ನೂ ಮುಚ್ಚುವ ಬಿಳಿಯ ಗುಮ್ಮಟದಂಥ ಆಕಾರ ಮಾತ್ರ.

ಇವನ ಭಾರ ಎಲ್ಲಿ ಕೂತಿದೆ ಎಂದು ಹುಡುಕಿದರೆ ಹೆಗಲಿನ ಒಂದೆರಡು ಕಡೆ, ಕತ್ತಿನ ಹಿಂಬದಿ ಒಂದು ಕಡೆ. ಉಳಿದ ಕಡೆ ಬಟ್ಟೆಗೂ ಮೈಗೂ ನಡುವೆ ಗಾಳಿ. ಕಟ್ಟಡದಲ್ಲಿ ನಾವು ವಾಸ ಮಾಡುವುದು ಗೋಡೆಯಲ್ಲಲ್ಲ, ಗೋಡೆಗಳ ನಡುವಿನ ಬಯಲಲ್ಲಿ. ಉಡುಪಿನಲ್ಲಿ ಆ ಬಯಲನ್ನು ಕಂಡುಕೊಂಡವನು ಬಲೆನ್ಸಿಯಾಗ. ನಡುವಯಸ್ಸಿನ, ಬೆನ್ನು ಬಾಗಿದ ಹೆಂಗಸರೂ ಅವನ ಉಡುಪಿನಲ್ಲಿ ಗಂಭೀರವಾಗಿ ಕಂಡದ್ದು ಇದಕ್ಕೇ. 1968ರಲ್ಲಿ ಅವನು ಮಳಿಗೆ ಮುಚ್ಚಿದ. ಸಿದ್ಧ ಉಡುಪುಗಳ ಕಾಲ ಬಂದಿತ್ತು.

ಆಮೇಲಿನವರು

ಬಲೆನ್ಸಿಯಾಗನ ಬಳಿ ಹತ್ತು ವರ್ಷ ದುಡಿದ ಆಂದ್ರೆ ಕುರೆಜ್ ಸಿವಿಲ್ ಎಂಜಿನಿಯರಿಂಗ್ ಓದಿದವನು. ಲೋಹದ ತುಂಡುಗಳನ್ನು ಕೊಂಡಿ ಹಾಕಿ ಉಡುಪು ಮಾಡಿದ ಪಾಕೊ ರಬಾನ್ ವಾಸ್ತುಶಿಲ್ಪದ ವಿದ್ಯಾರ್ಥಿ. ಅವನ ತಾಯಿ ಬಲೆನ್ಸಿಯಾಗನ ಮಳಿಗೆಯಲ್ಲಿ ಹೊಲಿಗೆಯವಳು. ಮಿಲಾನಿನಲ್ಲಿ 1969ರಲ್ಲಿ ವಾಸ್ತುಶಿಲ್ಪದ ಪದವಿ ಪಡೆದ ಜಾನ್‌ಫ್ರಾಂಕೊ ಫೆರೆ 1970ರ ದಶಕದಲ್ಲಿ ಕೆಲಸದ ಮೇಲೆ ಭಾರತದಲ್ಲಿ ದೀರ್ಘಕಾಲ ಇದ್ದ. ಹೊಲಿಗೆಯಿಲ್ಲದ ಬಟ್ಟೆ ಮೈಯನ್ನು ಸುತ್ತಿ ಉಡುಪಾಗುವ ರೀತಿಯನ್ನು ಅವನು ಇಲ್ಲಿ ಕಂಡ. ಮುಂದೆ ಬಿಳಿ ಅಂಗಿಯೊಂದನ್ನೇ ಬಗೆಬಗೆಯಾಗಿ ಕಟ್ಟಿದ. 1989ರಲ್ಲಿ ಡಿಯೊರ್ ಮಳಿಗೆಯ ಚುಕ್ಕಾಣಿ ಹಿಡಿದ.

ಹಿರೋಶಿಮಾದಲ್ಲಿ ಹುಟ್ಟಿದ ಇಸ್ಸೆ ಮಿಯಾಕೆ ನೆರಿಗೆಯನ್ನು ಯಂತ್ರಕ್ಕೆ ಒಗ್ಗಿಸಿದ. ಮೊದಲು ನೆರಿಗೆ, ಆಮೇಲೆ ಹೊಲಿಗೆ ಎಂಬ ಕ್ರಮವನ್ನೇ ತಿರುಗಿಸಿ, ಎರಡೂವರೆ ಮೂರು ಪಟ್ಟು ದೊಡ್ಡದಾಗಿ ಹೊಲಿದ ಉಡುಪನ್ನು ಕಾಗದಗಳ ನಡುವೆ ಇಟ್ಟು ಬಿಸಿಯಲ್ಲಿ ಒತ್ತಿಸಿದ. 1993ರಲ್ಲಿ ಬಂದ 'ಪ್ಲೀಟ್ಸ್ ಪ್ಲೀಸ್' ಹೀಗೆ ಹುಟ್ಟಿತು. ಫಾರ್ಚುನಿಯ ಡೆಲ್ಫೋಸ್ ಈಗ ಸೂಟ್‌ಕೇಸಿನಲ್ಲಿ ಸುತ್ತಿ ಒಯ್ಯುವ ನಿತ್ಯದ ಬಟ್ಟೆಯಾಯಿತು. 1982ರಲ್ಲಿ ಅಮೆರಿಕದ ಎಂಐಟಿಯಲ್ಲಿ, 2006ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಉಡುಪು ಮತ್ತು ವಾಸ್ತುಶಿಲ್ಪವನ್ನು ಜೋಡಿಸಿ ನೋಡುವ ಪ್ರದರ್ಶನಗಳೂ ನಡೆದವು.

ಅಲ್ಲಿಂದೀಚೆಗೆ 'ವಾಸ್ತುಶಿಲ್ಪದಂಥ ಉಡುಪು' ಎಂಬ ಮಾತು ಅಗ್ಗವಾಗಿದೆ. ಚೂಪು ಹೆಗಲು, ಬಿರುಸು ಮೂಲೆ ಕಂಡರೆ ಸಾಕು, ಆ ಹೊಗಳಿಕೆ ಅಂಟಿಸುತ್ತಾರೆ. ಕಟ್ಟಡದಂತೆ ಕಾಣುವುದು ಬೇರೆ, ಕಟ್ಟಡದಂತೆ ನಿಲ್ಲುವುದು ಬೇರೆ. ನನ್ನ ಲೆಕ್ಕದಲ್ಲಿ ಜೇಮ್ಸ್ ಸ್ಮಾರಕ ಕಟ್ಟಿದ, ಡಿಯೊರ್ ಮುಂಭಾಗ ಕಟ್ಟಿದ. ಮನೆ ಕಟ್ಟಿದವರು ವಿಯೊನೆ ಮತ್ತು ಬಲೆನ್ಸಿಯಾಗ, ಏಕೆಂದರೆ ಅವರಿಬ್ಬರ ಉಡುಪುಗಳಲ್ಲಿ ಭಾರ ತೊಟ್ಟವಳಿಗೆ ಹೊರೆಯಾಗಲಿಲ್ಲ.

ಇದನ್ನು ಪರೀಕ್ಷಿಸಲು ಮ್ಯೂಸಿಯಮ್ಮಿಗೆ ಹೋಗಬೇಕಿಲ್ಲ. ಚೆನ್ನಾಗಿ ಕೂತಿದ್ದ ಹಳೆಯ ರವಿಕೆಯನ್ನೋ ಅಂಗಿಯನ್ನೋ ನೆಲ ಒರೆಸಲು ಹಾಕುವ ಮುನ್ನ ಒಮ್ಮೆ ಬಿಚ್ಚಿ ಹರಡಿ. ಯಾವ ತುಂಡು ನೇರ, ಯಾವುದು ಕ್ರಾಸ್, ಬಕ್ರಂ ಎಲ್ಲಿ ಸೇರಿದೆ ನೋಡಿ. ಯಾವ ಹೊಲಿಗೆ ಮೊದಲು ಬಿಟ್ಟಿದೆಯೋ, ಇಷ್ಟು ವರ್ಷ ಭಾರ ಹೊತ್ತದ್ದು ಅದು.