ಆದಿವಾಸಿ ಮಕ್ಕಳಿಗೆ ಪಾಠ: ಮೇಷ್ಟ್ರು ಕಲಿಯಬೇಕಾಗಿ ಬಂದದ್ದು

ಆದಿವಾಸಿ ಮಕ್ಕಳು ಶಾಲೆಯಲ್ಲಿ ಯಾಕೆ ಹಿಂದೆ ಬೀಳುತ್ತಾರೆ ಎಂದು ಕೇಳಿದಾಗಲೆಲ್ಲ ಬಹುಕಾಲ ಸಿಗುತ್ತಿದ್ದ ಉತ್ತರ ಒಂದೇ: ದೋಷ ಮಗುವಿನದು, ಅದರ ಮನೆಯದು, ಮನೆಮಾತಿನದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿ ತೆರೆದ ಕಾರ್ಲೈಲ್ ವಸತಿ ಶಾಲೆ ನಿಂತದ್ದೇ ಈ ನಂಬಿಕೆಯ ಮೇಲೆ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬಹುದೂರ ಒಯ್ದು, ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯಿನುಡಿ ಆಡದಂತೆ ಮಾಡುವುದೇ ಅಲ್ಲಿ ವಿದ್ಯಾಭ್ಯಾಸದ ಮೊದಲ ಮೆಟ್ಟಿಲು. ಇಂಥ ಶಾಲೆಗಳ ಅರೆಹೊಟ್ಟೆ, ಇಕ್ಕಟ್ಟು, ಮಕ್ಕಳಿಂದ ಮಾಡಿಸುತ್ತಿದ್ದ ದುಡಿಮೆ ಎಲ್ಲವನ್ನೂ 1928ರ ಮೆರಿಯಂ ವರದಿ ಬಯಲಿಗೆಳೆಯಿತು. ಆದರೂ ವಸತಿ ಶಾಲೆಗಳ ಕಾಲ ಅಷ್ಟು ಬೇಗ ಮುಗಿಯಲಿಲ್ಲ.

ಸಂಸ್ಕೃತಿಗೆ ಸ್ಪಂದಿಸುವ ಬೋಧನೆ ಎಂದು ಇಂದು ಕರೆಸಿಕೊಳ್ಳುವ ಕ್ಷೇತ್ರ ಹುಟ್ಟಿದ್ದು ಆ ಹಳೆಯ ಉತ್ತರವನ್ನು ನಂಬದವರಿಂದ. ಅವರಲ್ಲಿ ಸೂಸನ್ ಫಿಲಿಪ್ಸ್ ಅವರ ಕೆಲಸವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. 1960ರ ದಶಕದ ಕೊನೆಯಲ್ಲಿ ಈ ಮಾನವಶಾಸ್ತ್ರಜ್ಞೆ ಆರೆಗಾನ್ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬ ಮೂಲನಿವಾಸಿ ಸೀಮೆಯ ತರಗತಿಗಳಲ್ಲಿ ಕುಳಿತು ನೋಡತೊಡಗಿದರು. ಟೀಚರ್ ಒಬ್ಬ ಹುಡುಗನ ಹೆಸರು ಹಿಡಿದು ಎಬ್ಬಿಸಿ ಪ್ರಶ್ನೆ ಕೇಳಿದರೆ ಅವನ ಬಾಯಿ ಕಟ್ಟಿಹೋಗುತ್ತಿತ್ತು. ಎಲ್ಲರೆದುರು ನಿಂತು ಮಾತಾಡು ಎಂದರೆ ತಲೆ ತಗ್ಗುತ್ತಿತ್ತು. ಅದೇ ಹುಡುಗ ಗೆಳೆಯರ ಗುಂಪಿನಲ್ಲಿ ಏನಾದರೂ ಕೆಲಸ ಕೊಟ್ಟರೆ ಚೆನ್ನಾಗಿ ಮಾತಾಡುತ್ತಿದ್ದ. ಟೀಚರ ಬಳಿಗೆ ತಾನಾಗಿಯೇ ಹೋಗಿ ಒಬ್ಬನೇ ಕೇಳುವುದಿದ್ದರಂತೂ ಸಂಕೋಚವೇ ಇರುತ್ತಿರಲಿಲ್ಲ.

ಕಾರಣ ಹುಡುಕುತ್ತ ಫಿಲಿಪ್ಸ್ ಶಾಲೆಯಿಂದ ಹೊರಗೆ, ಆ ಜನರ ಮನೆ ಮತ್ತು ಸಭೆಗಳಿಗೆ ಹೋದರು. ಅಲ್ಲಿ ಮಗು ಹಿರಿಯರ ಕೆಲಸವನ್ನು ನೋಡುತ್ತದೆ, ಕೇಳಿಸಿಕೊಳ್ಳುತ್ತದೆ, ಜೊತೆಗೆ ಕೈ ಹಾಕುತ್ತದೆ, ಯಾರೂ ನೋಡದಾಗ ತಾನೇ ಮಾಡಿ ನೋಡುತ್ತದೆ. ಬರುತ್ತದೆ ಎಂಬ ಧೈರ್ಯ ಬಂದ ಮೇಲಷ್ಟೇ ನಾಲ್ಕು ಜನರ ಮುಂದೆ ತೋರಿಸುತ್ತದೆ. ಸಭೆಗಳಲ್ಲೂ ಯಾರು ಯಾವಾಗ ಮಾತಾಡಬೇಕೆಂದು ಒಬ್ಬರೇ ಅಪ್ಪಣೆ ಕೊಡುವ ಪದ್ಧತಿಯಿಲ್ಲ. ಶಾಲೆ ಮಾತ್ರ ಎಲ್ಲರೆದುರು ತಪ್ಪು ಮಾಡು, ಹಾಗೆ ಮಾಡುತ್ತಲೇ ಕಲಿ ಎನ್ನುತ್ತಿತ್ತು. 1972ರಲ್ಲಿ ಲೇಖನವಾಗಿ, 1983ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನ ದಡ್ಡತನವೆಂದು ಬರೆದಿಟ್ಟದ್ದನ್ನು ಶಿಸ್ತೆಂದು ಓದಲು ಕಲಿಸಿತು. ಕೆನಡಾದ ಒಂಟಾರಿಯೋದಲ್ಲಿ ಒಡಾವಾ ಮಕ್ಕಳ ತರಗತಿಗಳನ್ನು ಗಮನಿಸಿದ ಮೊಹಾಟ್ ಮತ್ತು ಎರಿಕ್ಸನ್ 1981ರಲ್ಲಿ ಇದೇ ದಾರಿಯಲ್ಲಿ ಮುಂದೆ ಹೋದರು. ಅಲ್ಲಿನ ಮೂಲನಿವಾಸಿ ಟೀಚರ್ ಬೆಂಚುಗಳ ನಡುವೆ ಸದ್ದಿಲ್ಲದೆ ಓಡಾಡುತ್ತ, ಒಂದೊಂದು ಮಗುವಿನ ಬಳಿ ಬಗ್ಗಿ ಮೆಲ್ಲಗೆ ಮಾತಾಡುತ್ತಿದ್ದರು.

ಇಷ್ಟು ತಿಳಿದ ಮೇಲೆ ಪಾಠವನ್ನು ಬದಲಿಸುವುದು ಹೇಗೆ? ಹವಾಯಿಯ ಹೊನೊಲುಲುವಿನಲ್ಲಿ 1970ರ ದಶಕದ ಆರಂಭದಿಂದ ನಡೆದ ಕಾಮೆಹಾಮೆಹಾ ಬಾಲಶಿಕ್ಷಣ ಯೋಜನೆ ಅದನ್ನು ಮಾಡಿ ತೋರಿಸಿತು. ಹವಾಯಿಯ ಮನೆಗಳಲ್ಲಿ ಕಥೆ ಹೇಳುವುದೆಂದರೆ ಒಬ್ಬರು ಹೇಳಿ ಉಳಿದವರು ಬಾಯಿ ಮುಚ್ಚಿ ಕೂರುವುದಲ್ಲ. ಒಬ್ಬರು ಶುರು ಮಾಡಿದ ಮಾತನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಮೂರನೆಯವರು ಮುಗಿಸುತ್ತಾರೆ. ಕ್ಯಾಥರಿನ್ ಆವ್ ವಿವರಿಸಿದ ಓದಿನ ಪಾಠಗಳಲ್ಲಿ ಟೀಚರ್ ಕೈ ಎತ್ತಿಸುವುದನ್ನು ಬಿಟ್ಟುಕೊಟ್ಟರು. ಕಥೆಯ ಬಗ್ಗೆ ಪ್ರಶ್ನೆ ಕೇಳುವ ಹಕ್ಕು ಅವರದೇ. ಆದರೆ ಉತ್ತರವನ್ನು ನಾಲ್ಕೈದು ಮಕ್ಕಳು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹಾಕುತ್ತ ಕಟ್ಟುತ್ತಿದ್ದರು. ಮನೆಯಲ್ಲಿ ಅಕ್ಕ ಅಣ್ಣಂದಿರ ಕೈಯಲ್ಲಿ ಬೆಳೆದ ಮಕ್ಕಳಾದ್ದರಿಂದ, ಉಳಿದ ಸಮಯದಲ್ಲೂ ಅವರು ತಮ್ಮತಮ್ಮಲ್ಲೇ ಕೇಳಿಕೊಂಡು ಕೆಲಸ ಮಾಡುವಂತೆ ತರಗತಿಯನ್ನು ಜೋಡಿಸಲಾಯಿತು. ಓದಿನ ಮಟ್ಟ ಏರಿತು.

ಮುಂದಿನ ಘಟ್ಟದ ಬಗ್ಗೆ ಶಿಕ್ಷಕರ ತರಬೇತಿಗಳಲ್ಲಿ ಹೆಚ್ಚು ಮಾತು ಆಗಬೇಕು. 1980ರ ದಶಕದಲ್ಲಿ ಇದೇ ವಿಧಾನವನ್ನು ಅರಿಜೋನಾದ ರಫ್ ರಾಕ್ ಶಾಲೆಗೆ ಕೊಂಡೊಯ್ದರು. 1966ರಿಂದ ನವಾಹೋ ಜನರೇ ಆರಿಸಿದ ಮಂಡಳಿ ನಡೆಸುತ್ತಿದ್ದ ಶಾಲೆ ಅದು. ಹವಾಯಿಯಲ್ಲಿ ಗೆದ್ದದ್ದು ಅಲ್ಲಿ ಇದ್ದಂತೆಯೇ ನಡೆಯಲಿಲ್ಲ. ಹುಡುಗರು ಹುಡುಗಿಯರನ್ನು ಬೆರೆಸಿದ ಗುಂಪುಗಳಲ್ಲಿ ಮಕ್ಕಳು ಒಬ್ಬರಿಗೊಬ್ಬರು ನೆರವಾಗಲಿಲ್ಲ. ಹುಡುಗರನ್ನು ಬೇರೆ, ಹುಡುಗಿಯರನ್ನು ಬೇರೆ ಮಾಡಿ ಇಬ್ಬರು ಮೂವರನ್ನು ಕೂರಿಸಿದಾಗ ಕೆಲಸ ಸಾಗಿತು. ಕಥೆಯನ್ನು ತುಂಡು ತುಂಡು ಮಾಡಿ ಪ್ರಶ್ನೆ ಕೇಳುವುದೂ ನವಾಹೋ ಮಕ್ಕಳಿಗೆ ಹಿಡಿಸಲಿಲ್ಲ. ಮೊದಲು ಇಡೀ ಕಥೆ ಮುಗಿಯಲಿ, ಆಮೇಲೆ ಮಾತು ಎಂಬುದು ಅವರ ರೀತಿ. ಆದಿವಾಸಿಗಳಿಗೆಲ್ಲ ಸಲ್ಲುವ ಒಂದೇ ಬೋಧನಾ ಪದ್ಧತಿ ಎಂಬ ಕನಸು ಇಲ್ಲಿಗೆ ಮುರಿಯಬೇಕಿತ್ತು. ಆದರೆ "ಆದಿವಾಸಿ ಮಕ್ಕಳು ನೋಡಿ ಕಲಿಯುವವರು, ಅವರಿಗೆ ಪುಸ್ತಕ ಒಗ್ಗದು" ಎಂಬಂಥ ಮಾತುಗಳು ಮುಂದೆಯೂ ಬಂದವು. ಒಂದು ಸಮುದಾಯದ ಬಗ್ಗೆ ಎಚ್ಚರದಿಂದ ಕಂಡುಕೊಂಡ ಸತ್ಯವನ್ನು ಎಲ್ಲರ ಹಣೆಗೆ ಅಂಟಿಸಿದರೆ ಅದು ಹಳೆಯ ತಾತ್ಸಾರವೇ, ಹೊಸ ಬಟ್ಟೆ ಉಟ್ಟಿರುತ್ತದೆ ಅಷ್ಟೆ.

ಇಷ್ಟೆಲ್ಲ ನಡೆದದ್ದು ಪಾಠ ಮಾಡುವ ರೀತಿಯ ಬಗ್ಗೆ. ಪಾಠದ ಒಳಗೇ ಆದಿವಾಸಿ ಜ್ಞಾನವನ್ನು ತಂದವರಲ್ಲಿ ಅಲಾಸ್ಕಾದ ಯೂಪಿಕ್ ಹಿರಿಯರು, ಟೀಚರುಗಳು ಮತ್ತು ಅವರೊಡನೆ ದಶಕಗಳ ಕಾಲ ದುಡಿದ ಜೆರ‍್ರಿ ಲಿಪ್ಕಾ ಮುಖ್ಯರು. ಸಾಲ್ಮನ್ ಮೀನು ಒಣಗಿಸುವ ಚಪ್ಪರ ಕಟ್ಟುವುದು ಅವರ ಒಂದು ಗಣಿತದ ಪಾಠ. ಸುತ್ತಳತೆ ಅಷ್ಟೇ ಇದ್ದರೂ ಆಕಾರ ಬದಲಾದರೆ ಕ್ಷೇತ್ರಫಲ ಬದಲಾಗುತ್ತದೆ ಎಂಬುದನ್ನು ಮಕ್ಕಳು ಅಲ್ಲಿ ಕಂಡುಕೊಳ್ಳುತ್ತಾರೆ. ನಮ್ಮ ಗೇಣು, ಮೊಳ, ಮಾರುಗಳಂತೆ ಅವರಿಗೂ ಮೈಯ ಅಳತೆಗಳಿವೆ. ಅವುಗಳ ಮೂಲಕ ಅನುಪಾತ ಕಲಿಯುತ್ತಾರೆ. ಹಬ್ಬದ ದಿನ ಒಂದು ಕುಣಿತ, ಗೋಡೆಗೆ ಒಂದು ಚಿತ್ರ ಎಂಬಲ್ಲಿಗೆ ಇದು ನಿಲ್ಲುವುದಿಲ್ಲ, ಗಣಿತವನ್ನು ತೆಳುವಾಗಿಸುವುದೂ ಇಲ್ಲ. ಈ ಪಾಠಗಳನ್ನು ಕಲಿತ ಮಕ್ಕಳು ಮಾಮೂಲಿ ಪಠ್ಯ ಓದಿದವರಿಗಿಂತ ಮುಂದೆ ಇದ್ದದ್ದು ಹೋಲಿಕೆಯ ಪರೀಕ್ಷೆಗಳಲ್ಲಿ ಕಂಡಿದೆ.

ನ್ಯೂಜಿಲೆಂಡಿನ ಮಾವೋರಿಗಳು ಇನ್ನೊಂದು ಹೆಜ್ಜೆ ಮುಂದೆ ಇಟ್ಟು, ಶಾಲೆ ಯಾರದ್ದು ಎಂದೇ ಕೇಳಿದರು. ಭಾಷೆ ಅಳಿಯುತ್ತಿರುವುದನ್ನು ಕಂಡು 1982ರಲ್ಲಿ ಅಜ್ಜಿ ತಾತಂದಿರೇ ಮುಂದೆ ನಿಂತು ಮಾವೋರಿ ಭಾಷೆಯ ಶಿಶುಮನೆ ತೆರೆದರು. 1985ರಲ್ಲಿ ಆಕ್ಲೆಂಡಿನಲ್ಲಿ ಮೊದಲ ಮಾವೋರಿ ಮಾಧ್ಯಮ ಶಾಲೆ ಬಂತು, 1987ರಲ್ಲಿ ಆ ಭಾಷೆ ಅಧಿಕೃತವಾಯಿತು. ಸಾಮಾನ್ಯ ಪ್ರೌಢಶಾಲೆಗಳಲ್ಲೇ ಉಳಿದ ಮಾವೋರಿ ಮಕ್ಕಳಿಗಾಗಿ ರಸೆಲ್ ಬಿಷಪ್ ಮತ್ತು ಸಂಗಡಿಗರು 2001ರಲ್ಲಿ ತೆ ಕೋತಹಿತಂಗ ಯೋಜನೆ ಶುರು ಮಾಡಿದಾಗ ಮೊದಲು ಮಾಡಿದ ಕೆಲಸ ಮಕ್ಕಳನ್ನು ಕೇಳಿದ್ದು. ಟೀಚರ್ ನಮ್ಮನ್ನು ಹೇಗೆ ಕಾಣುತ್ತಾರೆ ಎಂಬುದೇ ದೊಡ್ಡ ವಿಷಯ ಎಂದರು ಮಕ್ಕಳು. ಬಹುಪಾಲು ಟೀಚರುಗಳು ಬೊಟ್ಟು ಮಾಡಿದ್ದು ಮಕ್ಕಳ ಮನೆಯ ಕಡೆಗೆ. ಕಾರ್ಲೈಲಿನ ಉತ್ತರ ಇನ್ನೂ ಬದುಕಿತ್ತು.

ಸರ್ಕಾರದ ಮನಸ್ಸು ತಿರುಗಿದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯವೇ ಸಾಕ್ಷಿ. 1973ರಲ್ಲಿ ಅಲ್ಲಿ ದ್ವಿಭಾಷಾ ಶಾಲೆಗಳು ಶುರುವಾದವು. ಯಿರ‍್ಕಾಲಾ ಶಾಲೆಯಲ್ಲಿ ಯೊಲ್ಞು ಎಂಬ ಮೂಲನಿವಾಸಿ ಸಮುದಾಯದ ಟೀಚರುಗಳು ತಮ್ಮ ಬಂಧುತ್ವದ ವ್ಯವಸ್ಥೆಯನ್ನೇ ಗಣಿತದ ಪಾಠವಾಗಿಸಿದರು. 2008ರಲ್ಲಿ ಪ್ರತಿದಿನದ ಮೊದಲ ನಾಲ್ಕು ಗಂಟೆ ಇಂಗ್ಲಿಷಿನಲ್ಲೇ ಪಾಠವಾಗಬೇಕೆಂಬ ಒಂದೇ ಆದೇಶ ಇದೆಲ್ಲಕ್ಕೆ ಪೆಟ್ಟು ಕೊಟ್ಟಿತು. ಅದೇ ವರ್ಷ ಅಮೆರಿಕದ ಕಾಸ್ಟಾಗ್ನೊ ಮತ್ತು ಬ್ರೇಬಾಯ್ ಈ ಕ್ಷೇತ್ರದ ಬರಹಗಳನ್ನೆಲ್ಲ ಜಾಲಾಡಿ, ಸಂಸ್ಕೃತಿಯ ಮಾತು ಬೇಕಾದಷ್ಟಿದೆ, ಸ್ವಾಧಿಕಾರ ಮತ್ತು ವರ್ಣಭೇದದ ಮಾತು ಸಾಲದು ಎಂದದ್ದು ನನಗೆ ಸರಿಯಾಗಿ ಕಾಣುತ್ತದೆ.

ಭಾರತದಲ್ಲಿ ಒಡಿಶಾ 2007ರ ಹೊತ್ತಿಗೆ ಹತ್ತು ಆದಿವಾಸಿ ಭಾಷೆಗಳಲ್ಲಿ ಪ್ರಾಥಮಿಕ ಪಾಠ ಆರಂಭಿಸಿತು. ಜಾನಪದ ವಿದ್ವಾಂಸ ಮಹೇಂದ್ರ ಕುಮಾರ್ ಮಿಶ್ರ ಅದರ ಹಿಂದಿದ್ದರು. ಊರಿನ ಹಬ್ಬ, ಬೆಳೆ, ಋತುಗಳ ಸುತ್ತಲೇ ಪಠ್ಯ ಕಟ್ಟಲಾಯಿತು. ಕರ್ನಾಟಕದ ತೊಡಕು ಸ್ವಲ್ಪ ಬೇರೆ. ಸೋಲಿಗರ ನುಡಿ, ಜೇನುಕುರುಬರ ನುಡಿ ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ, ಅದನ್ನು ಭಾಷೆಯೆಂದು ಕಾಣದೆ ತಿದ್ದಬೇಕಾದ ಕನ್ನಡವೆಂದು ಕಂಡುಬಿಡುವುದು ಬಹಳ ಸುಲಭ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗ ಮಕ್ಕಳಿಗೆ ಬೆಟ್ಟದಲ್ಲೇ ಶಾಲೆ ಕೊಟ್ಟಿತು. ಇಂದು ಸೋಲಿಗರಲ್ಲೇ ಪಿಎಚ್.ಡಿ. ಪಡೆದವರಿದ್ದಾರೆ.

ಆ ಬೆಟ್ಟದ ಪೋಡುಗಳ, ಎಂದರೆ ಸೋಲಿಗರ ಹಾಡಿಗಳ, ಹಿರಿಯರು ಹಿಂದೆ ಕಾಡಿನ ಒಣ ಎಲೆಗೆ ಹಾಕುತ್ತಿದ್ದ ತರಗು ಬೆಂಕಿಯ ಬಗ್ಗೆ ಹೇಳುತ್ತಾರೆ. ಅದು ನಿಂತ ಮೇಲೆಯೇ ಲಂಟಾನ ಕಾಡನ್ನೆಲ್ಲ ಮುಚ್ಚಿತು ಎಂಬುದು ಅವರ ವಾದ. ಸಂಶೋಧಕರು ಅದನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. ಬೆಂಕಿ, ಬೀಜ, ಮಣ್ಣು, ಹೊರಗಿನಿಂದ ಬಂದ ಗಿಡ, ಪ್ರತಿವಾದ, ಪುರಾವೆ ಎಲ್ಲವೂ ಇರುವ ಇಂಥ ವಿಜ್ಞಾನದ ಪಾಠ ಬೇರೆ ಎಲ್ಲಿ ಸಿಗುತ್ತದೆ? ಅದನ್ನು ಬರೆಯಲು ಬಲ್ಲ ಓದಿದ ಸೋಲಿಗರಿದ್ದಾರೆ, ಹೇಳಬಲ್ಲ ಹಿರಿಯರೂ ಇದ್ದಾರೆ. ಅವರನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಸಂಬಳ ಕೊಟ್ಟು, ಅವರು ಬರೆದದ್ದನ್ನು ಆಶ್ರಮ ಶಾಲೆಗಳ ಪಠ್ಯಕ್ಕೆ ಸೇರಿಸುವ ಕೆಲಸ ಸರ್ಕಾರದ್ದು. ಹಿರಿಯರು ಇರುವಾಗಲೇ ಅದು ಆಗಬೇಕು.