ತಿರುಳ್ಗನ್ನಡವೂ ಸೀಮೆಗಳ ತಾರತಮ್ಯವೂ

ತುಮಕೂರು ಜಿಲ್ಲೆಯ ಕುಣಿಗಲು ತಾಲ್ಲೂಕಿಗೆ ಸೇರಿದ ಕೊತ್ತಗೆರೆಯ ಸುತ್ತಣ ಹಳ್ಳಿಗಳಲ್ಲಿ ಬೇಸಾಯಗಾರರು ‘ಮನೆಯಲ್ಲಿ ಇದೆ’ ಎಂಬುದನ್ನು ‘ಮನೆಯಾಗೈತೆ’ ಎನ್ನುತ್ತಾರೆ. ಧಾರವಾಡದ ಕಡೆಯ ರೈತನು ‘ಮನ್ಯಾಗೈತಿ’ ಎನ್ನುತ್ತಾನೆ. ಒಂದೆರಡು ಸ್ವರಗಳ ಭೇದವನ್ನು ಬಿಟ್ಟರೆ ಇಬ್ಬರ ಮಾತೂ ಒಂದೇ. ಹೀಗಿದ್ದರೂ ಕುಣಿಗಲಿನಿಂದ ಬೆಂಗಳೂರಿಗೆ ಹೋಗಿ ನಾಲ್ಕಕ್ಷರ ಕಲಿತವನು ಧಾರವಾಡದವನ ಮಾತನ್ನು ಕೇಳಿ ನಗುವುದುಂಟು; ತನ್ನ ತಾಯಿಯ ಮಾತನ್ನೇ ನಗುತ್ತಿರುವೆನೆಂಬ ಎಚ್ಚರ ಆಗ ಅವನಿಗಿರುವುದಿಲ್ಲ. ಕನ್ನಡಿಗರಲ್ಲಿ ಸೀಮೆ ಸೀಮೆಗಳ ನಡುವೆ ನಡೆದುಬಂದಿರುವ ಈ ತಾತ್ಸಾರವು ನಿನ್ನೆ ಮೊನ್ನೆಯದಲ್ಲ.

ಸು. ೮೫೦ರಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡನ್ನು ಹರಹಿ ತೋರಿಸುವುದು ಎಲ್ಲರಿಗೂ ವಿದಿತವಾಗಿದೆ. ಅದೇ ಗ್ರಂಥವು ಆ ವಿಸ್ತಾರವಾದ ನಾಡಿನೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪ್ರದೇಶವನ್ನು ಮಾತ್ರ ಕನ್ನಡದ ತಿರುಳೆಂದು ಎಣಿಸಿತು. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಸೀಮೆಯದು. ಪಂಪನು ೯೪೧ರ ಸುಮಾರಿನಲ್ಲಿ ದೂರದ ವೇಮುಲವಾಡದಲ್ಲಿ, ಅರಿಕೇಸರಿಯ ಆಶ್ರಯದಲ್ಲಿ ಕುಳಿತು ಕಾವ್ಯವನ್ನು ಬರೆದರೂ ತನ್ನ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಳ್ಳಬೇಕಾಯಿತು. ತಿರುಳೆಂಬುದು ಒಂದಿದ್ದ ಮೇಲೆ ಸಿಪ್ಪೆಯೆಂಬುದೂ ಇರಲೇಬೇಕಷ್ಟೆ. ಆ ಲೆಕ್ಕದಲ್ಲಿ ಗಂಗವಾಡಿಗೆ ಸೇರಿದ್ದ ಕುಣಿಗಲು ಸಿಪ್ಪೆಯ ಕಡೆಗೇ ಬೀಳುತ್ತಿತ್ತು. ಆದರೆ ಮಾರ್ಗಕಾರನಿಗೆ ಒಂದು ವಿವೇಕವಿತ್ತು. ಕನ್ನಡದ ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷವಿಷ್ಟೆಂದು ನಿಶ್ಚಯಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬರುವುದೆಂದು ಅವನು ಒಪ್ಪಿಕೊಂಡಿದ್ದಾನೆ. ಮುಂದಿನ ವಿಮರ್ಶಕರು ತಿರುಳನ್ನು ನೆನಪಿನಲ್ಲಿಟ್ಟುಕೊಂಡು ವಾಸುಕಿಯನ್ನು ಮರೆತರು.

ತಿರುಳಿನ ನೆಲೆ ಉತ್ತರದಿಂದ ದಕ್ಷಿಣಕ್ಕೆ ಸರಿದದ್ದು ಭಾಷೆಯ ಗುಣದಿಂದಲ್ಲ, ರಾಜ್ಯದ ಬಲದಿಂದ. ೧೭೯೯ರ ಅನಂತರದ ವ್ಯವಸ್ಥೆಯಲ್ಲಿ ಮೈಸೂರು ಒಂದು ಕನ್ನಡ ಸಂಸ್ಥಾನವಾಗಿ ಉಳಿಯಿತು. ಉಳಿದ ಭಾಗಗಳು ಮುಂಬಯಿ ಮದರಾಸು ಪ್ರಾಂತಗಳಿಗೂ, ನಿಜಾಮನಿಗೂ, ಕೊಡಗಿಗೂ, ಹಲವು ಚಿಕ್ಕ ಸಂಸ್ಥಾನಗಳಿಗೂ ಹಂಚಿಹೋದವು. ಧಾರವಾಡದ ಸೀಮೆಯ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದಾಗ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಹೋರಾಡಬೇಕಾಯಿತು. ೧೮೯೦ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದ್ದೂ ಇದೇ ಸಂಕಟದಿಂದ. ಮೈಸೂರಿನಲ್ಲಾದರೋ ಅರಮನೆ, ಕಚೇರಿ, ಪಠ್ಯಪುಸ್ತಕ, ಕಾಲೇಜುಗಳೆಲ್ಲ ಒಂದೇ ಬಗೆಯ ಕನ್ನಡಕ್ಕೆ ಆಸರೆಯಾದವು. ಅಚ್ಚಾದದ್ದೇ ಶುದ್ಧವೆಂಬ ಭಾವನೆ ಬೇರೂರಿತು. ಉತ್ತರದ ಕನ್ನಡವು ಮರಾಠಿ ಉರ್ದುಗಳಿಂದ ಕೆಟ್ಟಿತೆಂಬುದು ಮೈಸೂರಿನವರ ಹಳೆಯ ಆಕ್ಷೇಪಣೆ. ಅಲ್ಲಿಯ ಮಾಮಲೇದಾರನನ್ನು ಹಳಿದವನು ಇಲ್ಲಿ ಅಮಲ್ದಾರನ ಮುಂದೆ ಕೈಕಟ್ಟಿ ಜಮಾಬಂದಿಗೆ ನಿಲ್ಲುತ್ತಿದ್ದನು. ಎರಡು ಕಡೆಯೂ ಪಾರಸಿಯ ಋಣ ಒಂದೇ. ದಕ್ಷಿಣ ಕನ್ನಡದವರಿಗೆ ಬಂದ ಅಪವಾದ ಇದಕ್ಕೆ ವಿರುದ್ಧವಾದದ್ದು: ಮನೆಯಲ್ಲಿ ತುಳು ಕೊಂಕಣಿಗಳನ್ನಾಡಿ ಶಾಲೆಯಲ್ಲಿ ಕನ್ನಡವನ್ನು ಕಲಿತ ಅವರದು ಪುಸ್ತಕದ ಮಾತೆಂಬ ಹಾಸ್ಯ. ಅಶುದ್ಧವಾದರೂ ತಪ್ಪು, ಅತಿಶುದ್ಧವಾದರೂ ತಪ್ಪು!

ಹಕಾರದ ವಿಚಾರವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡುವುದು ಯುಕ್ತ. ಹಾಲನ್ನು ‘ಆಲು’, ಹೋಗು ಎಂಬುದನ್ನು ‘ಓಗು’ ಎನ್ನುವ ಹುಡುಗನು ತುಮಕೂರು ಮಂಡ್ಯಗಳ ಶಾಲೆಗಳಲ್ಲಿ ಪರಿಹಾಸಕ್ಕೆ ಗುರಿಯಾಗುವುದು ಉಪಾಧ್ಯಾಯರಿಗೆ ತಿಳಿಯದ ಸಂಗತಿಯಲ್ಲ. ಆದರೆ ಹಳಗನ್ನಡದಲ್ಲಿ ಈ ಮಾತು ‘ಪಾಲ್’ ಎಂದಿತ್ತು. ಹತ್ತನೆಯ ಶತಮಾನದಿಂದೀಚೆಗೆ ಶಾಸನಗಳಲ್ಲಿ ಪಕಾರಕ್ಕೆ ಹಕಾರ ಬರತೊಡಗಿ ಕ್ರಮವಾಗಿ ಎಲ್ಲೆಡೆಯೂ ಹಬ್ಬಿತು. ಪಕಾರವು ಸಡಿಲಗೊಂಡು ಹಕಾರವಾದ ಮೇಲೆ ಆ ಹಕಾರವೂ ಲೋಪವಾಗುವುದು ಅದೇ ದಾರಿಯ ಮುಂದಿನ ಹೆಜ್ಜೆ. ‘ಪಾಲ್’ ಎಂಬುದು ‘ಹಾಲು’ ಆದದ್ದನ್ನು ಭಾಷೆಯ ಬೆಳವಣಿಗೆಯೆಂದು ಪಾಠ ಹೇಳುವ ಪಂಡಿತನು ಅದು ‘ಆಲು’ ಆದೊಡನೆ ಗ್ರಾಮ್ಯವೆಂದು ಕೋಲು ಹಿಡಿಯುವುದಕ್ಕೆ ವ್ಯಾಕರಣದಲ್ಲಿ ಆಧಾರವಿಲ್ಲ. ಆಧಾರವಿರುವುದು ಆಡುವವನ ಕುಲ ಮತ್ತು ಕಸುಬುಗಳಲ್ಲಿ.

ಈ ಮಾತಿಗೆ ವಿದ್ವತ್ತಿನ ಸಾಕ್ಷ್ಯವೂ ಉಂಟು. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ ೧೯೬೦ರಲ್ಲಿ ಬೆಂಗಳೂರಿನ ಬ್ರಾಹ್ಮಣರ ಮತ್ತು ಒಕ್ಕಲಿಗರ ಕನ್ನಡಗಳನ್ನು ಹೋಲಿಸಿ ನೋಡಿದನು. ಒಂದರಲ್ಲಿ ‘ಇದೆ’, ಮತ್ತೊಂದರಲ್ಲಿ ‘ಐತೆ’. ಒಂದರಲ್ಲಿ ‘ಅಲ್ಲಿ’ ಪ್ರತ್ಯಯ, ಮತ್ತೊಂದರಲ್ಲಿ ‘ಆಗ’. ಈ ‘ಆಗ’ ಪ್ರತ್ಯಯವೇ ಧಾರವಾಡದ ಮಾತಿನಲ್ಲಿಯೂ ಇದೆ. ಆದುದರಿಂದ ಉತ್ತರ ದಕ್ಷಿಣವೆಂದು ಜನರು ಎಳೆದ ಗೆರೆಯು ಅನೇಕ ಕಡೆ ನಿಜವಾಗಿ ಮೇಲು ಕೀಳಿನ ಗೆರೆ. ಕೊತ್ತಗೆರೆಯ ಒಕ್ಕಲಿನ ಮಾತು ಇಂತಹ ರೂಪಗಳಲ್ಲಿ ಮೈಸೂರಿನ ಅಗ್ರಹಾರಕ್ಕಿಂತ ಧಾರವಾಡದ ಹೊಲಕ್ಕೆ ಹತ್ತಿರ. ಕಿಟ್ಟೆಲ್ ಪಾದ್ರಿಯು ೧೮೯೪ರ ತನ್ನ ನಿಘಂಟಿನಲ್ಲಿ ಮೈಸೂರಿನ ಪ್ರಯೋಗಗಳನ್ನೂ ದಕ್ಷಿಣ ಮಹಾರಾಷ್ಟ್ರವೆನಿಸಿಕೊಂಡಿದ್ದ ಸೀಮೆಯ ಪ್ರಯೋಗಗಳನ್ನೂ ಪಕ್ಕಪಕ್ಕದಲ್ಲಿಟ್ಟು ಗುರುತು ಹಾಕಿದನು. ಪರದೇಶದವನಿಗಿದ್ದ ಈ ಸಮದೃಷ್ಟಿ ನಾಡಿನವರಿಗೆ ತಡವಾಗಿ ಬಂದಿತು.

ಬಂದೇ ಇಲ್ಲವೆನ್ನುವುದೂ ಸರಿಯಲ್ಲ. ಇದೇ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ೧೯೧೧ರಲ್ಲಿ ಉಪನ್ಯಾಸ ಮಾಡಿದ್ದು ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ. ೧೯೧೫ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತು ಎಲ್ಲ ಪ್ರಾಂತಗಳ ಕನ್ನಡಿಗರನ್ನು ಕೂಡಿಸಿ ಗ್ರಂಥಭಾಷೆಗೆ ಐಕರೂಪ್ಯವನ್ನು ತರಲು ಬಯಸಿತು. ಬೇಂದ್ರೆಯವರು ಧಾರವಾಡದ ಆಡುಮಾತನ್ನೇ ಕಾವ್ಯಕ್ಕೆ ತಂದಾಗ ಅದುವರೆಗೆ ನಕ್ಕವರೂ ತಲೆದೂಗಿದರು. ೧೯೮೪ರಲ್ಲಿ ದೇವನೂರ ಮಹಾದೇವರ ಕುಸುಮಬಾಲೆ ಪ್ರಕಟವಾದಾಗ ನಂಜನಗೂಡಿನ ಕಡೆಯ ದಲಿತರ ಮಾತು ಮೈಸೂರಿನ ಓದುಗರಿಗೇ ತೊಡಕಾಯಿತು. ತಿರುಳೆಂದು ಭಾವಿಸಿದ ಸೀಮೆಯ ಒಳಗೇ ಇನ್ನೆಷ್ಟು ಕನ್ನಡಗಳಿವೆಯೆಂಬುದು ಅಲ್ಲಿ ಬಯಲಾಯಿತು.

ಏಕೀಕರಣದ ಕಾಲದಲ್ಲಿ ಈ ತಾತ್ಸಾರವು ರಾಜಕಾರಣದ ವೇಷ ತೊಟ್ಟಿತು. ಉತ್ತರದ ಹಿಂದುಳಿದ ಜಿಲ್ಲೆಗಳು ಸೇರಿದರೆ ತಮ್ಮ ಸಂಸ್ಥಾನದ ಸಂಪತ್ತು ಅತ್ತ ಹರಿದುಹೋಗುವುದೆಂದು ಹಳೆಯ ಮೈಸೂರಿನ ಅನೇಕರು ಅಂಜಿದರು. ಜಾತಿಗಳ ಬಲಾಬಲದ ಲೆಕ್ಕವೂ ಅದರ ಹಿಂದಿತ್ತು. ಕೆಂಗಲ್ ಹನುಮಂತಯ್ಯನವರು ತಮ್ಮ ಸೀಮೆಯವರ ವಿರೋಧವನ್ನು ಎದುರಿಸಿ ಏಕೀಕರಣದ ಪಕ್ಷವನ್ನು ಹಿಡಿದರು. ೧೯೫೬ರ ನವೆಂಬರ್ ೧ರಂದು ರಾಜ್ಯವು ಒಂದಾದರೂ ಹೆಸರು ಮೈಸೂರೆಂದೇ ಉಳಿಯಿತು. ಕರ್ನಾಟಕವೆಂಬ ಹೆಸರಿಗಾಗಿ ಉತ್ತರದವರು ೧೯೭೩ರವರೆಗೆ ಕಾಯಬೇಕಾಯಿತು. ಪ್ರಾದೇಶಿಕ ಅಸಮತೆಯನ್ನು ಅಳೆದ ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ವರದಿಯನ್ನೊಪ್ಪಿಸಿ, ಆಗಿನ ೧೭೫ ತಾಲ್ಲೂಕುಗಳಲ್ಲಿ ೧೧೪ನ್ನು ಹಿಂದುಳಿದವೆಂದು ಎಣಿಸಿತು. ಅತ್ಯಂತ ಹಿಂದುಳಿದ ೩೯ರಲ್ಲಿ ೨೬ ಉತ್ತರದವು. ಮಿಕ್ಕ ೧೩ರಲ್ಲಿ, ಹಳೆಯ ಮೈಸೂರಿನ ತಾಲ್ಲೂಕುಗಳ ಸಾಲಿನಲ್ಲಿ, ಗುಬ್ಬಿಯೂ ಕುಣಿಗಲೂ ಇದ್ದವು.