ಎರಡು ಪಕ್ಷ, ಒಂದು ಜೋಡಿ

2008ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ಅವರು ತಮ್ಮ ಮಿತ್ರ ಜೋಸೆಫ್ ಲೀಬರ್ಮನ್ ಅವರನ್ನು ಉಪಾಧ್ಯಕ್ಷ ಅಭ್ಯರ್ಥಿಯನ್ನಾಗಿ ಆರಿಸಲು ಬಯಸಿದ್ದರು. ಲೀಬರ್ಮನ್ 2000ದ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅದೇ ಸ್ಥಾನಕ್ಕೆ ಸ್ಪರ್ಧಿಸಿದ್ದವರು. ಗರ್ಭಪಾತದ ಹಕ್ಕಿನ ಪರವಾಗಿದ್ದವರು. ಪಕ್ಷ ಒಡೆದೀತೆಂದು ಸಲಹೆಗಾರರು ಎಚ್ಚರಿಸಲು, ಮೆಕೇನ್ ಸಾರಾ ಪೇಲಿನ್ ಅವರನ್ನು ಆರಿಸಿದರು. ಒಬಾಮ ಅವರ 365 ಚುನಾಯಕ ಮತಗಳೆದುರು 173 ಮತ ಪಡೆದು ಸೋತರು. 2018ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಲೀಬರ್ಮನ್ ಅವರನ್ನು ಆರಿಸದೆ ಹೋದುದಕ್ಕೆ ವಿಷಾದಿಸಿದರು.

ಲೀಬರ್ಮನ್ ಅವರನ್ನೇ ಆರಿಸಿದ್ದರೆ? ಗೆಲುವು ನಿಶ್ಚಿತವೆನ್ನಲಾಗದು, ಆ ವರ್ಷದ ಆರ್ಥಿಕ ಕುಸಿತ ಆಳುವ ಪಕ್ಷಕ್ಕೆ ಭಾರವಾಗಿತ್ತು. ಗೆದ್ದಿದ್ದರೂ ಒಂದು ಪ್ರಶ್ನೆ ಉಳಿಯುತ್ತಿತ್ತು. ಅದಕ್ಕೆ ಇತಿಹಾಸವೇ ಸಾಕ್ಷಿ. 1864ರಲ್ಲಿ ಲಿಂಕನ್ ಅವರು ಡೆಮಾಕ್ರಟ್ ಆಂಡ್ರೂ ಜಾನ್ಸನ್ ಅವರನ್ನು ಜೊತೆಗೂಡಿಸಿಕೊಂಡು ಗೆದ್ದರು. 1865ರ ಏಪ್ರಿಲ್‌ನಲ್ಲಿ ಲಿಂಕನ್ ಹತರಾಗಲು ಜಾನ್ಸನ್ ಅಧ್ಯಕ್ಷರಾದರು. ದಾಸ್ಯದಿಂದ ಬಿಡುಗಡೆಗೊಂಡವರಿಗೆ ನಾಗರಿಕ ಹಕ್ಕು ನೀಡುವ ಮಸೂದೆಯನ್ನು 1866ರಲ್ಲಿ ಅವರು ನಿರಾಕರಿಸಿದರು; ಕಾಂಗ್ರೆಸ್ ಸಭೆ ಅವರ ನಿರಾಕರಣೆಯನ್ನು ಮೀರಿ ಅದನ್ನು ಶಾಸನಗೊಳಿಸಬೇಕಾಯಿತು. ಒಕ್ಕೂಟವನ್ನು ಉಳಿಸಬೇಕೆಂಬುದರಲ್ಲಿ ಇಬ್ಬರೂ ಏಕಮತದವರು. ಉಳಿದ ಒಕ್ಕೂಟದಲ್ಲಿ ಯಾರಿಗೆ ಯಾವ ಹಕ್ಕು ಎಂಬುದರಲ್ಲಿ ಅಲ್ಲ.

ಪಾಲುದಾರಿಕೆಯಲ್ಲಿ ಲಾಭದ ಹಂಚಿಕೆಯನ್ನು ಮೊದಲೇ ಬರೆಯುವಂತೆ, ಒಬ್ಬನು ಇಲ್ಲವಾದಾಗ ವ್ಯವಹಾರವನ್ನು ಯಾವ ಧರ್ಮದಿಂದ ನಡೆಸಬೇಕೆಂಬುದನ್ನೂ ಮೊದಲೇ ನಿಶ್ಚಯಿಸಿಕೊಳ್ಳುವುದು ವಿವೇಕ. ಪಕ್ಷ ಬೇರೆಯಿದ್ದರೆ ಬಾಧಕವಿಲ್ಲ. ಧ್ಯೇಯ ಬೇರೆಯಾದರೆ ನಂಬಿದವರಿಗೆ ನಷ್ಟ.